ಫುಜೈರಾದಲ್ಲಿ ಸೂರ್ಯ ಮುಳುಗಿಸಲು ಹೋದದ್ದು

ತಪ್ಪು ನನ್ನದೇ. ಭೂಗೋಳದಲ್ಲಿ ಪಾಸಾಗಲು ಮೇಷ್ಟ್ರ ಕಾಲು ಹಿಡಿದಿದ್ದವನು, ಹಜರ್ ಪರ್ವತಸಾಲಿಗೆ ಗೈಡ್ ಆಗಲು ಹೊರಟೆ. ನನಗಿದ್ದ ವಿದ್ಯೆ ಒಂದೇ, ಕಂಡವರ ದನಿಯನ್ನು ಕದ್ದು ಅವರೆದುರೇ ಮಾತಾಡುವುದು. ಮೇಷ್ಟ್ರ ದನಿಯನ್ನೂ ಕದ್ದಿದ್ದೆ. ಪಾಠವನ್ನು ಮಾತ್ರ ಅವರ ಹತ್ತಿರವೇ ಬಿಟ್ಟು ಬಂದಿದ್ದೆ.

ದುಬೈಯ ಅಲ್ ಮುರಕ್ಕಬಾತ್‌ನ ಬಾಡಿಗೆ ರೂಮಿನಲ್ಲಿ ನನ್ನ ಮೇಲಿನ ಮಂಚದವರು ಬೈಂದೂರು ಕಡೆಯ ಕೊಂಕಣಿ ಕ್ರಿಶ್ಚಿಯನ್. ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಮದುವೆಯಾದ ತಿಂಗಳೊಳಗೆ ವಿಮಾನ ಹತ್ತಿದ್ದವರು. ಆ ಡಿಸೆಂಬರಿನಲ್ಲಿ ಹೆಂಡತಿಯನ್ನೂ ಐದು ವರ್ಷದ ಮಗಳನ್ನೂ ವಿಸಿಟ್ ವೀಸಾದಲ್ಲಿ ಕರೆಸಿ, ಅಲ್ ನಹ್ದಾದಲ್ಲಿ ಒಂದು ಕೋಣೆ ಹಿಡಿದರು. ಹೋಟೆಲಿನಲ್ಲಿ ಸೀಸನ್. ಸೂಪರ್‌ವೈಸರ್ ಇಡೀ ತಿಂಗಳಲ್ಲಿ ಕೊಟ್ಟ ರಜೆ ಒಂದೇ ಶುಕ್ರವಾರ, ಅದೂ ಕೊನೆಯದು. ಶನಿವಾರ ಬೆಳಿಗ್ಗೆ ಹೆಂಡತಿ, ಮಗಳು ಊರಿಗೆ.

ಆ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಕೇಳಿದ್ದೂ ಒಂದನ್ನೇ. "ಬಿಲ್ಡಿಂಗಿನ ಎದುರು ನಿಂತ ಫೋಟೊ ಬೇಡ. ನಮ್ಮಲ್ಲಿಯ ಹಾಗೆ ಹಿಂದೆ ಗುಡ್ಡೆ, ಮುಂದೆ ಕಡಲು, ಹೊತ್ತು ಮುಳುಗ್ತಾ ಇರ್ಬೇಕು. ಮೂರು ಜನ ಒಟ್ಟಿಗೆ ಇರುವ ಫೋಟೊ ಮನೆಯಲ್ಲಿ ಒಂದೂ ಇಲ್ಲ."

"ಅದಕ್ಕೆಂತ, ಫುಜೈರಾ ಉಂಟಲ್ಲ!" ಎಂದವನೇ ಮೂಗು ಹಿಡಿದು ಮೇಷ್ಟ್ರಾದೆ. "ಮಕ್ಕಳೇ, ಘಟ್ಟ ಇಳಿದರೆ ಎಂತ ಸಿಗ್ತದೆ? ಕಡಲು! ಕಡಲಲ್ಲಿ ಎಂತ ಮುಳುಗ್ತದೆ? ಸೂರ್ಯ!"

ಕಾರಿದ್ದದ್ದು ಪಕ್ಕದ ರೂಮಿನ ಬ್ಯಾರಿ ಕಾಕನ ಹತ್ತಿರ. "ಬೆಳಿಗ್ಗೆ ಕತ್ತಲೆಗೇ ಹೊರಡುವ ಮಾರಾಯ, ಸಂಜೆ ಅಲ್ಲಿ..." ಎಂದು ಅವರು ಶುರುಮಾಡಿದರು. ಅವರದೇ ಗೊಗ್ಗರು ದನಿಯಲ್ಲಿ, "ಯಲ್ಲಾ, ಯಲ್ಲಾ, ಬೇಗ ಹೊರಡುವ, ಸಂಜೆ ಕಾಕನಿಗೆ ನಿದ್ದೆ ಬರ್ತದೆ" ಎಂದು ನಾನು ಮುಗಿಸಿದೆ. ಮಗು ಬಿದ್ದು ಬಿದ್ದು ನಕ್ಕಿತು. ಕಾಕ ಕೈ ಕೊಡವಿ ಎದ್ದುಹೋದರು.

ಶುಕ್ರವಾರ ಊಟ ಮುಗಿಸಿ ಹೊರಟೆವು. ಮರಳು ಮುಗಿಯುತ್ತಲೇ ಹಜರ್ ಎದ್ದು ನಿಂತಿತು. ನಮ್ಮ ಘಟ್ಟದ ಹಾಗೆಯೇ ಕಡಲಿನ ಜೊತೆಜೊತೆಗೆ ನಡೆಯುವ ಉದ್ದನೆಯ ಸಾಲು, ಉತ್ತರ ತುದಿಯ ಮುಸಂದಮ್‌ನಿಂದ ಒಮಾನಿನ ಒಳಗಿನವರೆಗೂ. ಆದರೆ ಮೈಮೇಲೆ ಹುಲ್ಲುಕಡ್ಡಿಯಿಲ್ಲ. ತುಕ್ಕಿನ ಬಣ್ಣದ ಬಂಡೆ, ನೀರಿಲ್ಲದ ಹೊಳೆಯ ಜಾಡು, ಬುಡದಲ್ಲಿ ನಾಲ್ಕು ಖರ್ಜೂರದ ಮರ. "ತಡೆಯಲು ಮೋಡವೇ ಇಲ್ಲ, ಆದರೂ ಡ್ಯೂಟಿಗೆ ನಿಂತ ವಾಚ್‌ಮನ್ ನೋಡಿ" ಎಂದು ನಾನೇ ಹೇಳಿ ನಾನೇ ನಕ್ಕೆ.

ದಡದಲ್ಲಿ ಚಾಪೆ ಹಾಸಿ, ಕಡಲಿಗೆ ಮುಖ ಮಾಡಿ ಕೂತೆವು. ಅಕ್ಕ ಮದುವೆಯ ಕೆಂಪು ಸೀರೆ ಉಟ್ಟಿದ್ದರು. ಗಂಡ ಅದರ ನೆರಿಗೆಯನ್ನು ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿದ್ದರು. ಒಂದೂವರೆ ಗಂಟೆ ಕಾದೆವು.

"ಪಪ್ಪಾ, ಸೂರ್ಯ ಹಿಂದೆ ಹೋಗ್ತಾ ಉಂಟು" ಎಂದಿತು ಮಗು.

ನಾವೆಲ್ಲ ತಿರುಗಿದೆವು. ಸೂರ್ಯ ಗುಡ್ಡದ ನೆತ್ತಿಗೆ ತಗಲಿದ್ದ. ನೋಡನೋಡುತ್ತಲೇ ಬಂಡೆಗಳ ನೆರಳು ಇಳಿದು ಬಂದು ಚಾಪೆಯನ್ನು, ಕೆಂಪು ಸೀರೆಯನ್ನು ದಾಟಿ ನೀರಿಗೆ ಹೋಯಿತು. ಘಟ್ಟ ಮೂಡಣಕ್ಕೆ, ಕಡಲು ಪಡುವಣಕ್ಕೆ: ನಮ್ಮ ಕರಾವಳಿಯವರಿಗೆ ಇದು ಕಲಿತದ್ದಲ್ಲ, ಹುಟ್ಟಿನಿಂದ ಬಂದದ್ದು. ಇಲ್ಲಿ ಹಾಗಿರಲಿಕ್ಕಿಲ್ಲವೆಂದು ಚಾಪೆಯ ಮೇಲಿದ್ದ ನಾವು ಯಾರೂ ಅನುಮಾನಿಸಿರಲೇ ಇಲ್ಲ.

ಕಾಕ ಕಾರಿನಿಂದಲೇ ಹೇಳಿದರು, "ಇಲ್ಲಿ ಹೊತ್ತು ಹುಟ್ಟುದು ಮಾರಾಯ. ಮುಳುಗುದು ದುಬೈ ಬದಿಯಲ್ಲಿ. ಹೇಳ್ಲಿಕ್ಕೆ ಬಾಯಿ ತೆಗ್ದಿದ್ದೆ."

ದುಬೈಗೆ ಎರಡು ಗಂಟೆಯ ದಾರಿ. ಮುಟ್ಟುವಾಗ ಕತ್ತಲಾಗಿರುತ್ತದೆ. ಆದರೂ ಒಂದು ಫೋಟೊ ತೆಗೆದೆ. ಬೂದಿ ಬಣ್ಣದ ನೀರು, ಫ್ಲ್ಯಾಶಿಗೆ ಬೆಚ್ಚಿದ ಮೂರು ಮುಖ. ಅದನ್ನು ನೋಡಿ ಅಕ್ಕ ಮೊಬೈಲನ್ನು ನನ್ನ ಕೈಗೇ ಕೊಟ್ಟರು. ಗಂಡ ಚಾಪೆಯನ್ನು ಅಂಚಿಗೆ ಅಂಚು ಕೂಡಿಸಿ, ಹೋಟೆಲಿನ ಬೆಡ್‌ಶೀಟಿನ ಹಾಗೆ ಮಡಚಿದರು. ಬಿಚ್ಚಿ ಇನ್ನೊಮ್ಮೆ ಮಡಚಿದರು.

ಹಿಂದಿರುಗುವಾಗ ಕಾರಿನಲ್ಲಿ ಯಾರಿಗೂ ಮಾತಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮೌನ ನನ್ನಿಂದಾಗಲಿಲ್ಲ. ಸೂಪರ್‌ವೈಸರನ ದನಿ ತೆಗೆದೆ: "ಸೂರ್ಯನಿಗೆ ಇವತ್ತು ರಜೆ ಕೊಟ್ಟವರು ಯಾರು? ಮಾಫಿ ರಜೆ, ರಜೆಯೇ ಇಲ್ಲ! ಖಲಾಸ್!" ಮಗು ಮಾತ್ರ ಸ್ವಲ್ಪ ನಕ್ಕು, ಅಮ್ಮನ ಮುಖ ನೋಡಿ ನಿಲ್ಲಿಸಿತು.

ಹಿಂದಿನ ಸೀಟಿನಿಂದ ಅಕ್ಕ ದನಿ ಏರಿಸದೆ ಹೇಳಿದರು:

"ನಿಮಗೆ ಎಲ್ಲರ ಹಾಗೆ ಮಾತಾಡ್ಲಿಕ್ಕೆ ಬರ್ತದೆ. ಒಂದು ಸಲ, 'ನಂಗೆ ಗೊತ್ತಿಲ್ಲ' ಅಂತ ಹೇಳುವವರ ಹಾಗೆ ಮಾತಾಡಿ, ನೋಡುವ."