ಸೆರಗು ಮಗುಚಿ ನೋಡುವವಳ ಪೋರ್ಟ್‌ಫೋಲಿಯೋ

ಮದುವೆಮನೆಯಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಸೆರಗು ಮಗುಚಿ ನೋಡುವ ಅಭ್ಯಾಸ ನನಗಿದೆ. ತಾಳಿ ಕಟ್ಟುವ ಹೊತ್ತಿಗೆ ಎಲ್ಲರ ಕಣ್ಣೂ ಮಂಟಪದ ಮೇಲಿದ್ದರೆ ನನ್ನ ಕೈ ಮೆಲ್ಲಗೆ ಪಕ್ಕದವರ ಸೆರಗಿನ ಕಡೆ ಹೊರಟಿರುತ್ತದೆ. ಈಚೆಗೆ ಬೂದಿಗೆರೆಯ ಒಂದು ಮದುವೆಯಲ್ಲಿ ಗಂಡಿನ ಸೋದರತ್ತೆಯ ಸೆರಗು ಹಿಡಿದು ಸಿಕ್ಕಿಬಿದ್ದೆ. ಆಕೆ ತಿರುಗಿ, "ಯಾಕಮ್ಮಾ, ಏನಾದ್ರೂ ಅಂಟ್ಕೊಂಡೈತಾ?" ಎಂದರು. "ಇಲ್ಲ ಕಣಕ್ಕ, ಹಿಂದುಗಡೆ ಹೆಂಗೈತೆ ಅಂತ ನೋಡ್ತಿದ್ದೆ" ಎಂದೆ. ಆಕೆ ಗಾಬರಿಯಿಂದ ತಮ್ಮ ಬೆನ್ನು ಮುಟ್ಟಿ ನೋಡಿಕೊಂಡರು. ಊಟದ ಪಂಕ್ತಿಯಲ್ಲಿ ನನ್ನಿಂದ ದೂರ ಹೋಗಿ ಕೂತರು.

ನಾವು ದೊಡ್ಡಬಳ್ಳಾಪುರದ ನೇಯ್ಗೆಯವರು. ನಮ್ಮಲ್ಲಿ ಸೀರೆಯನ್ನು ಮುಖ ನೋಡಿ ಯಾರೂ ಮೆಚ್ಚುವುದಿಲ್ಲ. ಮುಖಕ್ಕೇನು, ಎಲ್ಲ ಸೀರೆಯೂ ಮುಖದಲ್ಲಿ ನಗುತ್ತಲೇ ಇರುತ್ತದೆ. ಎಳೆ ಎಲ್ಲಿ ತೇಲಿದೆ, ಬುಟ್ಟಾದ ಹಿಂದೆ ಜರಿ ಎಷ್ಟು ಜಾಳಾಗಿದೆ, ನೇಯುವವನು ಆ ದಿನ ಯಾರ ಜೊತೆ ಜಗಳವಾಡಿ ಬಂದಿದ್ದ, ಇಷ್ಟೂ ತಿಳಿಯುವುದು ಹಿಂಬದಿಯಲ್ಲಿ. ಅಲ್ಲದೆ ನಮ್ಮ ಮಗ್ಗದ ಮೇಲೆ ಎಷ್ಟೋ ಸೀರೆಗಳು ಬೋರಲಾಗಿಯೇ ಹುಟ್ಟುತ್ತವೆ. ನೇಯುವವರ ಕಣ್ಣಿಗೆ ದಿನವಿಡೀ ಕಾಣುವುದು ಬೆನ್ನೇ. ಹೆಣ್ಣು ನೋಡಲು ಹೋದಾಗಲೂ ನಮ್ಮ ಅತ್ತೆ ಹುಡುಗಿಯ ಮುಖಕ್ಕಿಂತ ಮೊದಲು ಅವಳು ಉಟ್ಟ ಸೀರೆಯ ಸೆರಗು ತಿರುಗಿಸಿ ನೋಡುತ್ತಿದ್ದರಂತೆ. ನನ್ನ ಪುಣ್ಯ, ಅಂದು ನಾನು ಒಳ್ಳೆಯ ಸೀರೆ ಉಟ್ಟಿದ್ದೆ.

ಇಂಥವಳು ಈ ವಯಸ್ಸಿನಲ್ಲಿ ಡಿಜಿಟಲ್ ಪೋರ್ಟ್‌ಫೋಲಿಯೋ ಮಾಡಲು ಕಲಿತೆ ಎಂದರೆ ನೀವು ನಂಬಬೇಕು. ನಂಬದಿದ್ದರೆ ಮೊಬೈಲ್ ತೆಗೆದು ತೋರಿಸುತ್ತೇನೆ. ತೋರಿಸಬೇಡಿ ಅಂದರೂ ತೋರಿಸುತ್ತೇನೆ. ತರಕಾರಿ ಅಂಗಡಿಯವನು ಆಗಲೇ ಎರಡು ಸಲ ನೋಡಿದ್ದಾನೆ.

ಕಥೆ ಶುರುವಾದದ್ದು ಹೀಗೆ. ಮನೆಯಲ್ಲೇ ಕೂತು ಸೀರೆಗೆ ವಿನ್ಯಾಸ ಮಾಡಿಕೊಡುವವರು ಬೇಕು ಎಂದು ಬೆಂಗಳೂರಿನ ಒಂದು ಸೀರೆ ಸಂಸ್ಥೆ ಹೇಳಿಕಳಿಸಿತು. ಮಾಡಿದ ಕೆಲಸವನ್ನೆಲ್ಲ ಚಿತ್ರಗಳಾಗಿ ಜೋಡಿಸಿ, ವಿವರ ಬರೆದು, ಕಂಪ್ಯೂಟರಿನಲ್ಲಿ ಒಂದು ಪುಸ್ತಕದ ಹಾಗೆ ಮಾಡಿ ಕಳಿಸಬೇಕು. ಅದಕ್ಕೇ ಪೋರ್ಟ್‌ಫೋಲಿಯೋ ಎನ್ನುತ್ತಾರಂತೆ. ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯ ಮಗ್ಗಗಳಿಗೆ ಅಂಚು, ಬುಟ್ಟಾ, ಸೆರಗು ಎಲ್ಲವನ್ನೂ ಗ್ರಾಫ್ ಹಾಳೆಯ ಮೇಲೆ ಚೌಕ ಚೌಕ ತುಂಬಿ ಬರೆದವಳು ನಾನು. ಆದರೆ ಹಾಳೆಯನ್ನು ಸುರುಳಿ ಸುತ್ತಿಕೊಂಡು ವ್ಯಾಪಾರಿಗಳಿಗೆ ತೋರಿಸಲು ಬಜಾರಿಗೆ ಹೋಗುತ್ತಿದ್ದವರು ನಮ್ಮನೆಯವರು. ಹಾಗಾಗಿ ಊರಲ್ಲಿ ಅವರ ಹೆಸರು 'ಡಿಸೈನ್ ರಾಮಾಂಜಿ'. ಅವರು ಸುಳ್ಳು ಹೇಳಿದವರಲ್ಲ. ಯಾರು ಬರೆದದ್ದು ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗೂ ಅದರಲ್ಲಿ ಬೇಜಾರಿರಲಿಲ್ಲ ಎಂದೇ ಅಂದುಕೊಂಡಿದ್ದೆ. ಈ ಸುದ್ದಿ ಬಂದ ಮೇಲೆ ಗೊತ್ತಾಯಿತು, ಇತ್ತು. ಊರಾಚೆಯ ಯಾರಾದರೂ ಒಬ್ಬರು, ಒಂದೇ ಒಂದು ಸಲ, ನನ್ನ ಗೆರೆ ನೋಡಿ ಇದು ಪದ್ಮಾವತಿಯದು ಅನ್ನಬೇಕು ಎನ್ನುವ ಆಸೆ ನನಗಿತ್ತು.

ಕಲಿಸಿದವಳು ನಸ್ರೀನ್. ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಬಟ್ಟೆಯಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಡಿಸೈನ್ ಹೇಳಿಕೊಡುತ್ತಾಳೆ. ನನ್ನ ಮಗಳಿಗಿಂತ ಚಿಕ್ಕವಳು. ತರಗತಿಯೊಳಗೆ ನಾನು ಅವಳನ್ನು ಮೇಡಂ ಅನ್ನುತ್ತೇನೆ, ಮೆಟ್ಟಿಲಿಳಿದರೆ ಕಣಮ್ಮ ಅನ್ನುತ್ತೇನೆ. ಅವಳು ಎರಡೂ ಕಡೆ ಆಂಟಿ ಅನ್ನುತ್ತಾಳೆ. ಮೊದಲ ದಿನ ಮೌಸ್ ಹಿಡಿಸಿ, "ಏನಾದ್ರೂ ಬರೀರಿ ಆಂಟಿ" ಎಂದಳು. ಕಣ್ಣು ಮುಚ್ಚಿಕೊಂಡು ಬರೆಯಬಲ್ಲ ಮಾವಿನಕಾಯಿ ಬುಟ್ಟಾ ಬರೆದೆ. ತೆರೆಯ ಮೇಲೆ ಬದನೆಕಾಯಿ ಬಂತು. ಅದಕ್ಕೂ ತೊಟ್ಟಿರಲಿಲ್ಲ. ಪಕ್ಕದ ಕಾಲೇಜು ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪೆನ್ಸಿಲ್ಲಿನಲ್ಲಾದರೆ ತೋರಿಸ್ತಿದ್ದೆ ಬಾ ನಿನಗೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆದರೂ ಆ ಯಂತ್ರ ನನಗೆ ಬಲು ಹಿಡಿಸಿತು, ಮುಖ್ಯವಾಗಿ ಅದರ ಅನ್‌ಡೂ. ಎರಡು ಗುಂಡಿ ಒತ್ತಿದರೆ ಮಾಡಿದ ತಪ್ಪು ಮಾಡಿಯೇ ಇಲ್ಲ ಎಂಬಂತಾಗುತ್ತದೆ. ಮಗ್ಗದಲ್ಲಿ ಹೀಗಿಲ್ಲ. ಒಂದು ಕಡೆ ತಪ್ಪಿದರೆ ನೇಯ್ದದ್ದನ್ನು ಎಳೆ ಎಳೆಯಾಗಿ ಬಿಚ್ಚಬೇಕು, ಬಿಚ್ಚುವಾಗ ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕು, ಆಮೇಲೆ ಅಂದದ್ದಕ್ಕೆ ಬೇರೆ ಜಗಳವಾಗಬೇಕು. ದೊಡ್ಡವರು ಕರ್ಮವನ್ನು ಅನುಭವಿಸಿಯೇ ತೀರಬೇಕು ಎಂದು ಹೇಳಿದ್ದು ಮಗ್ಗ ನೋಡಿಯೇ ಇರಬೇಕು, ಅವರಿಗೆ ಕಂಪ್ಯೂಟರ್ ಗೊತ್ತಿದ್ದರೆ ಬೇರೆ ಏನಾದರೂ ಹೇಳುತ್ತಿದ್ದರು. ಅನ್‌ಡೂ ಕಲಿತ ವಾರ ಸಾರಿಗೆ ಉಪ್ಪು ಹೆಚ್ಚಾದಾಗ ನನ್ನ ಎಡಗೈ ಒಲೆಯ ಕಟ್ಟೆಯ ಮೇಲೆ ಆ ಎರಡು ಗುಂಡಿಗಳನ್ನು ಹುಡುಕಿತು. ಸಿಗಲಿಲ್ಲ. ಎಲ್ಲರೂ ನೀರು ಕುಡಿದರು.

ಬದನೆಕಾಯಿ ನಿಧಾನಕ್ಕೆ ಮಾವಿನಕಾಯಿಯಾಯಿತು. ಒಂದು ಬುಟ್ಟಾ ಬರೆದರೆ ಅದು ತಾನೇ ಸೀರೆಯುದ್ದಕ್ಕೂ ಬೀಳುವಂತೆ ಮಾಡಲು ಕಲಿತೆ, ಒಂದೇ ಅಂಚಿಗೆ ಬೇಕಾದ ಬಣ್ಣವೆಲ್ಲ ಹಾಕಿ ನೋಡಲು ಕಲಿತೆ. ನನ್ನ ಹಳೇ ಗ್ರಾಫ್ ಹಾಳೆಗಳನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದಾಗ ಎಷ್ಟೋ ವರ್ಷದ ಹಿಂದೆ ತುಂಬಿದ ಒಂದೊಂದು ಚೌಕವೂ ಅಂಗೈಯಗಲ ಕಂಡಿತು. ಗೆರೆ ದಾಟಿರಲಿಲ್ಲ. ನಕ್ಕಿದ್ದ ಹುಡುಗಿಯೇ ಕುರ್ಚಿ ಎಳೆದುಕೊಂಡು ಬಂದು, "ಇದೆಲ್ಲಾ ಕೈಯಲ್ಲೇ ಮಾಡಿದ್ರಾ ಆಂಟಿ?" ಎಂದಳು. ಹೂಂ ಕಣಮ್ಮ, ಮಗು ಮಲಗಿಸಿ, ಅಕ್ಕಿ ನೆನೆಹಾಕಿ, ನಡುವೆ ಸಿಕ್ಕಷ್ಟು ಹೊತ್ತಲ್ಲಿ ಮಾಡಿದೆ ಎಂದೆ. ಅವತ್ತು ಮನೆಗೆ ನಡೆದುಕೊಂಡು ಹೋಗುವಾಗ ಆಟೋದವರು ಹಾರ್ನ್ ಹೊಡೆದರೂ ನಾನು ರಸ್ತೆಯ ಪಕ್ಕಕ್ಕೆ ಸರಿಯಲಿಲ್ಲ.

ಆಮೇಲೆ ಬಂತು ಫೋಟೋ ಪಾಠ. ನೇಯ್ದ ಸೀರೆಗಳ ಫೋಟೋ ತೆಗೆದು ತನ್ನಿ ಎಂದಳು ನಸ್ರೀನ್. ಮಹಡಿಯ ಮೇಲೆ ಬೆಳಗಿನ ಬಿಸಿಲಿನಲ್ಲಿ ನಮ್ಮನೆಯವರು ಎರಡೂ ಕೈ ಚಾಚಿ ಸೀರೆ ಹಿಡಿದುಕೊಂಡರು, ನಾನು ತೆಗೆದೆ. ಅವರಿಗೆ ಬಲು ಉತ್ಸಾಹ. "ಬೆಂಗ್ಳೂರಿಗೆ ಹೋಗೋ ಫೋಟೋ ಕಣ್ಲಾ" ಎಂದು ಪಕ್ಕದ ಮಹಡಿಯ ಗೆಳೆಯನಿಗೆ ಕೂಗಿ ಹೇಳಿದರು. ಮಾರನೆಯ ದಿನ ತರಗತಿಯಲ್ಲಿ ನನ್ನ ಫೋಟೋಗಳನ್ನು ದೊಡ್ಡ ಪರದೆಯ ಮೇಲೆ ಹಾಕಿದ ನಸ್ರೀನ್ ಒಂದು ನೋಡಿದಳು, ಇನ್ನೊಂದು ನೋಡಿದಳು, ತಲೆ ಓರೆ ಮಾಡಿ ನೋಡಿದಳು.

"ಅರೆ, ಆಂಟಿ, ಇದು ಎಲ್ಲಾ ಉಲ್ಟಾ ಇದೆಯಲ್ಲಾ?"

ಎಲ್ಲವೂ ಹಿಂಬದಿಯೇ! ನಮ್ಮನೆಯವರು ಅಭ್ಯಾಸಬಲದಿಂದ ಹಿಂಬದಿ ತೋರಿಸಿ ಹಿಡಿದಿದ್ದರು, ನಾನು ಅಭ್ಯಾಸಬಲದಿಂದ ಅದೇ ಸರಿಯೆಂದು ತೆಗೆದಿದ್ದೆ. ಇಬ್ಬರಿಗೂ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಕೆಲಸ ತೋರಿಸಿ ಎಂದರೆ ನಮ್ಮಲ್ಲಿ ತೋರಿಸುವುದೇ ಅದನ್ನು. "ಸಾಚಾ ಇರೋದು ಅಲ್ಲೇ ಕಣಮ್ಮ" ಎಂದು ವಾದಿಸಿದೆ. ಅವಳು ನಗುತ್ತಲೇ, "ನೋಡೋರು ನೇಯೋರಲ್ಲ ಆಂಟಿ, ಉಡೋರು. ಅವ್ರಿಗೆ ಮೊದ್ಲು ಮುಖ ತೋರಿಸಿ, ಮಾತಾಡಿಸಿ. ಆಮೇಲೆ ಬೇಕಾದ್ರೆ ಬೆನ್ನು ತೋರಿಸಿ" ಎಂದಳು. ಮಾತು ಸರಿಯಾಗಿತ್ತು. ಸರಿಯಾಗಿದ್ದುದಕ್ಕೇ ಸ್ವಲ್ಪ ಸಿಟ್ಟು ಬಂತು. ಮತ್ತೆ ಮಹಡಿ ಹತ್ತಿದೆವು, ಮತ್ತೆ ಅವರು ಕೈ ಚಾಚಿದರು. ಮುಖದ ಫೋಟೋ ದೊಡ್ಡದಾಗಿ, ಮೂಲೆಯಲ್ಲಿ ಹಿಂಬದಿಯದು ಚಿಕ್ಕದಾಗಿ ಜೋಡಿಸಿದೆ. ನೋಡಲು ಚೆನ್ನಾಗಿಯೇ ಇತ್ತು.

ಪುಟಗಳೆಲ್ಲ ಮುಗಿದ ಮೇಲೆ ಮುಖಪುಟ ಮಾಡಿ ಹೆಸರು ಟೈಪ್ ಮಾಡಿದೆ. ನಸ್ರೀನ್ ಬಂದು ಬಗ್ಗಿ ನೋಡಿದಳು.

"ಈ ರಾಮಾಂಜಿನಪ್ಪ ಅಂದ್ರೆ ಯಾರು ಆಂಟಿ?"

"ನಮ್ಮನೆಯವ್ರು."

"ಅವ್ರೂ ಡಿಸೈನ್ ಬರೀತಾರಾ?"

"ಅವ್ರ ಕೈಲಿ ಒಂದು ಗೆರೆ ನೆಟ್ಟಗೆ ಎಳೆಸು ನೋಡಾಣ!"

"ಮತ್ತೆ ಅವ್ರ ಹೆಸ್ರು ಯಾಕೆ ಹಾಕಿದೀರಾ?"

ಬಾಯಿ ಬಿಟ್ಟು ಒಂದು ದಿನವೂ ಹೇಳದ ಹೆಸರನ್ನು ಬೆರಳು ತಾನಾಗಿ ಬರೆದಿತ್ತು. ಆಸೆ ನನ್ನದು, ಗೆರೆ ನನ್ನದು, ಮೆಟ್ಟಿಲು ಹತ್ತಿ ಬಂದು ಕಲಿತವಳೂ ನಾನು. ಹೆಸರು ಮಾತ್ರ ಅವರದು! ನಸ್ರೀನ್ ಈ ಸಲ ನಗಲಿಲ್ಲ. "ನಿಮ್ದು ಹೆಸ್ರು ಇಲ್ದಿದ್ರೆ ಇದು ನಿಮ್ದು ಪೋರ್ಟ್‌ಫೋಲಿಯೋನೇ ಅಲ್ಲ ಆಂಟಿ" ಎಂದು ಹೇಳಿ ಬೇರೆಯವರ ಕಡೆ ಹೋದಳು.

ಹೆಸರಿನ ವಿಚಾರ ಆಮೇಲೆ ಬಹಳ ಯೋಚಿಸಿದೆ. ಹೊಯ್ಸಳರ ಕಾಲದ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹದ ಕೆಳಗೆ ಧೈರ್ಯವಾಗಿ ತಮ್ಮ ಹೆಸರು ಕೆತ್ತಿದರು. ಅದೇ ಕಾಲದಲ್ಲಿ ಆ ಅರಮನೆಯ ರಾಣಿಗೆ ಸೀರೆ ನೇಯ್ದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಕಲ್ಲು ಉಳಿಯಿತು, ಸೀರೆ ಹರಿಯಿತು ಎನ್ನಬಹುದು. ಹರಿಯದಿದ್ದರೂ ಹೆಸರು ಇರುತ್ತಿರಲಿಲ್ಲ ಎಂದು ನನ್ನ ಗುಮಾನಿ. ವಚನಕಾರರಲ್ಲಿ ನೇಯುವವರೂ ಇದ್ದರು, ಅವರು ವಚನದ ಕೊನೆಗೆ ಅಂಕಿತ ಹಾಕಿದರು, ಆದರೆ ಹಾಕಿದ್ದು ತಮ್ಮ ಹೆಸರನ್ನಲ್ಲ, ದೇವರ ಹೆಸರನ್ನು. ನಾನೂ ಹಾಗೆಯೇ ಗಂಡನ ಅಂಕಿತದಲ್ಲಿ ಸೀರೆ ಬರೆದವಳು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ದೇವರು ಆ ವಚನಗಳನ್ನು ಸುರುಳಿ ಸುತ್ತಿಕೊಂಡು ಬಜಾರಿಗೆ ಹೋಗಿ ಕಾಫಿ ಕುಡಿದು ಬಂದಂತೆ ಎಲ್ಲೂ ಕೇಳಿಲ್ಲ.

ಮರುದಿನ ಹೋಗಿ ಅವರ ಹೆಸರು ಅಳಿಸಿ 'ಪದ್ಮಾವತಿ' ಎಂದು ಬರೆದೆ. ಬರೆದದ್ದು ಸುಲಭ, ಮನೆಯಲ್ಲಿ ತೋರಿಸುವುದು ಕಷ್ಟ. ಬಿಸಿಲಲ್ಲಿ ಕೈ ನೋಯಿಸಿಕೊಂಡು ಸೀರೆ ಹಿಡಿದವರು ಅವರು. ಅದೂ ಎರಡು ಸಲ. ಹಾಗೆಂದು ಕದ್ದು ಕಳಿಸಲು ನನಗೆ ಮನಸ್ಸಿರಲಿಲ್ಲ. ಸಂಜೆ ಕಾಫಿಯ ಜೊತೆ ಮೊಬೈಲನ್ನೂ ಕೊಟ್ಟೆ. ಮುಖಪುಟ ನೋಡಿದರು, ಒಂದೊಂದೇ ಪುಟ ಸರಿಸುತ್ತ ಕೊನೆಯವರೆಗೆ ಹೋದರು, ಮತ್ತೆ ಮುಖಪುಟಕ್ಕೆ ಬಂದರು.

"ನನ್ ಹೆಸ್ರು ಎಲ್ಲೈತೆ?"

"ಇಲ್ಲ ಕಣ್ರೀ. ಬರೆದೋಳು ನಾನಲ್ವಾ" ಎಂದೆ.

ಅವರು ಎದ್ದು ಹೋಗಿ ಮಗ್ಗದ ಸ್ವಿಚ್ ಹಾಕಿದರು. ನಮ್ಮ ಮನೆಯಲ್ಲಿ ಮಗ್ಗ ಓಡುತ್ತಿದ್ದರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಮಾತು ಬೇಡವಾದಾಗ ಅದೊಂದು ಅನುಕೂಲ. ನಾನು ಅಡುಗೆಮನೆಯಲ್ಲಿ ಕೂತೆ. ಅವರ ಮುಖ ಸಣ್ಣದಾದದ್ದು ನೋಡಿ ಸಂಕಟವಾಯಿತು. ಆದರೂ ಹೆಸರು ಬದಲಾಯಿಸುವ ಮನಸ್ಸು ಬರಲಿಲ್ಲ. ಅಷ್ಟು ಗಟ್ಟಿಯಾಗಿ ನಾನು ಯಾವುದಕ್ಕೂ ಕೂತವಳಲ್ಲ, ನನಗೇ ಆಶ್ಚರ್ಯ. ಬಹಳ ಹೊತ್ತಿನ ಮೇಲೆ ಸದ್ದು ನಿಂತಿತು. ಬಾಗಿಲಲ್ಲಿ ನಿಂತು ಹೇಳಿದರು, "ಆ ನೀಲಿ ಸೀರೆ ಫೋಟೋ ಒಸಿ ಸೊಟ್ಟಗೈತೆ. ಸರಿ ಮಾಡಿ ಕಳ್ಸು."

ಸರಿ ಮಾಡಿ ಕಳಿಸಿದೆ. ಆಮೇಲೆ ಕಾಯುವ ಕೆಲಸ. ಇಷ್ಟೆಲ್ಲ ಮಾಡಿ ಅವರು ಬೇಡ ಅಂದರೆ ಊರಿಗೆ ಹೇಗೆ ಮುಖ ತೋರಿಸಲಿ, ಅದಕ್ಕಿಂತ ಹೆಚ್ಚಾಗಿ ಮಗ್ಗದ ಮುಂದೆ ನಿಂತ ಆ ಮನುಷ್ಯನಿಗೆ ಏನು ಹೇಳಲಿ ಎಂದು ಭಯ.

ಒಂದು ಮಧ್ಯಾಹ್ನ ಮುದ್ದೆ ತೊಳಸುತ್ತಿದ್ದೆ. ಮುದ್ದೆ ತೊಳಸುವವಳು ಭೂಮಿ ಬಿರಿದರೂ ಕೋಲು ಬಿಡಬಾರದು, ಬಿಟ್ಟರೆ ಗಂಟು. ಆಗಲೇ ನಡುಮನೆಯಲ್ಲಿ ನನ್ನ ಮೊಬೈಲ್ ಹೊಡೆದುಕೊಂಡಿತು. ನಮ್ಮನೆಯವರು ಎತ್ತಿದರು. ಆ ಕಡೆಯವರು ಕೇಳಿದ್ದು ನನಗೆ ಕೇಳಲಿಲ್ಲ, ಇವರು ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಡಿಸೈನರ್ರಾ? ಅವ್ರೇ ಮಾತಾಡ್ತಾರೆ, ಒಂದ್ ನಿಮಿಷ ಇರಿ ಮೇಡಂ. ಮುದ್ದೆ ತೊಳಸ್ತಾವ್ರೆ."

ತಿರುಗುತ್ತಿದ್ದ ಕೋಲು ನಿಂತಿತು. ಅವರು ಒಳಗೆ ಬಂದು ಮೊಬೈಲನ್ನು ನನ್ನ ಕಿವಿಗೆ ಹಿಡಿದು ನಿಂತರು. ನಿಮ್ಮ ಕೆಲಸ ನೋಡಿದೆವು ಪದ್ಮಾವತಿ ಮೇಡಂ, ನಮಗೆ ಬಹಳ ಇಷ್ಟವಾಯಿತು, ನಮ್ಮ ಜೊತೆ ಕೆಲಸ ಮಾಡುತ್ತೀರಾ ಎಂದಿತು ಆ ಕಡೆಯ ದನಿ. ಹೂಂ ಎಂದೆ. ಅವತ್ತಿನ ಮುದ್ದೆ ಗಂಟುಗಂಟಾಗಿತ್ತು. ಅದನ್ನೇ ತಿನ್ನುತ್ತ ನಮ್ಮನೆಯವರು ಮೂವರಿಗೆ ಫೋನ್ ಮಾಡಿ, "ಡಿಸೈನರ್ರು ನಮ್ಮೋಳು ಕಣಪ್ಪಾ, ನಾನು ನೇಯೋನು" ಎಂದು ಎದೆಯುಬ್ಬಿಸಿ ಹೇಳಿದರು. ಕೇಳುತ್ತ ಕೇಳುತ್ತ ನನಗೆ ಅಳು ಬಂತು, ಸಾರು ಖಾರ ಎಂದೆ.

ಕೈ ತೊಳೆದು ಬಂದವರು ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿದರು.

"ಲೇ, ನೇಯ್ದೋನು ನಾನಲ್ವಾ. ಅದ್ರಲ್ಲಿ ಒಂದು ಮೂಲೇಲಿ ನನ್ ಹೆಸ್ರೂ ಹಾಕೋಕಾಯ್ತದಾ?"

"ಮೊದ್ಲು ನಿಮ್ ಪೋರ್ಟ್‌ಫೋಲಿಯೋ ಕಳ್ಸಿ. ನೋಡಿ ಹೇಳ್ತೀವಿ" ಎಂದೆ.

ಅಂದದ್ದು ಅಷ್ಟೇ. ಮಾರನೆಯ ದಿನ ಪ್ರತಿ ಸೀರೆಯ ಕೆಳಗೂ ನನ್ನ ಹೆಸರಿನ ಮಗ್ಗುಲಲ್ಲಿ 'ನೇಯ್ಗೆ: ರಾಮಾಂಜಿನಪ್ಪ' ಎಂದು ಸೇರಿಸಿದೆ. ಅಕ್ಷರ ಮಾತ್ರ ನನ್ನದಕ್ಕಿಂತ ಒಂದು ಗಾತ್ರ ಚಿಕ್ಕದು. ನಸ್ರೀನ್ ನೋಡಿ, ಎರಡೂ ಒಂದೇ ಸೈಜ್ ಇದ್ದರೆ ನೋಡೋಕೆ ಚೆಂದ ಆಂಟಿ ಎಂದಳು. ಚೆಂದ ಆಮೇಲೆ ಮಾಡೋಣ, ಸದ್ಯಕ್ಕೆ ಹೀಗೇ ಇರಲಿ ಎಂದೆ.