ನೆರಳಿನಲ್ಲಿ ಒಣಗಿದ ಲ್ಯಾಪ್‌ಟಾಪು

ಬಿಜ್ಜರಗಿಯಲ್ಲಿ ನಮ್ಮ ಪಕ್ಕದ ತೋಟದ ಯಜಮಾನರು ದ್ರಾಕ್ಷಿ ಒಣಗಿಸುವುದರಲ್ಲಿ ಪಳಗಿದವರು. ಶೆಡ್ಡಿನ ಬಲೆಗಳ ಮೇಲೆ ಹಣ್ಣು ಹರವಿ, ಒಂದನ್ನು ಬಾಯಿಗೆ ಹಾಕಿಕೊಂಡು, "ನೆರಳಾಗ ಒಣಗಬೇಕ್ರಿ, ಬಿಸಿಲಿಗಿ ಬಿದ್ರ ಬಣ್ಣ ಕೆಡತೈತಿ" ಎನ್ನುತ್ತಿದ್ದರು. ಮನೆಯವರು ಸಿಟ್ಟಾದಾಗಲೂ, ಅದು ತಾನಾಗಿಯೇ ಆರಲಿ ಎಂದು ಬಿಟ್ಟು, ಅವರದು ಅದೇ ಮಾತು.

ಒಮ್ಮೆ ಅವರ ಮಗಳ ಲ್ಯಾಪ್‌ಟಾಪಿನ ಮೇಲೆ ಅವರ ಕೈಯಿಂದಲೇ ಚಹಾ ಚೆಲ್ಲಿತು. ವಿಜಯಪುರದ ಅಂಗಡಿಗೆ ಒಯ್ಯಲು ಒಪ್ಪದೆ ತಾವೇ ಬಿಚ್ಚಿ, ಭಾಗಗಳನ್ನೆಲ್ಲ ದ್ರಾಕ್ಷಿಯ ಪಕ್ಕದಲ್ಲೇ ಬಲೆಯ ಮೇಲೆ ಹರವಿದರು. ಒಣಗಿದ ಮೇಲೆ ಜೋಡಿಸಿದರೆ ಫ್ಯಾನು ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಮತ್ತೆ ಬಿಚ್ಚಿ, ಸಡಿಲಾಗಿದ್ದ ವೈರು ಒತ್ತಿದರು. ಪರದೆ ಬೆಳಗಿತು, ಆದರೆ ಕೀಬೋರ್ಡಿನ ಬಟನ್ನುಗಳು ಒತ್ತಿದಲ್ಲೇ ಅಂಟಿಕೊಂಡವು. ಒಳಮನೆಯ ಮಬ್ಬಿನಲ್ಲಿ ಮೊಬೈಲಿನ ಬೆಳಕು ಹಿಡಿದು ನನ್ನ ಕೈ ಸೋತಿತ್ತು. ಮರುದಿನ ಕಾಲೇಜಿಗೆ ವರದಿ ಒಪ್ಪಿಸಬೇಕಿದ್ದ ಮಗಳು ಗೋಡೆಗೊರಗಿ ನೋಡುತ್ತಿದ್ದಳು.

ಕೊನೆಗೆ ಅವಳೇ ಒಂದು ಬಟನ್ ಎಬ್ಬಿಸಿದಳು. ಒಳಗೆ ದ್ರಾಕ್ಷಿಯ ಅಂಟು, ಅದರ ತುಂಬ ಇರುವೆ.

"ಅಪ್ಪಾ, ಬಿಸಿಲಿಗಿ ಇಟ್ಟಿದ್ರ ಇವು ಬರ್ತಿದ್ದಿಲ್ಲ" ಎಂದಳು. ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ.

ಅವರು ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ, ಅಂಗಳದ ಸುಡು ಬಿಸಿಲಿನಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಇಟ್ಟರು. ಅವರು ಏನನ್ನಾದರೂ ಬಿಸಿಲಿಗಿಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದೆ. ಅವರು ಬಿಸಿಲಿಗೆ ಬೆನ್ನು ಕೊಟ್ಟು ಹೊರಸಿನ ಪಕ್ಕದಲ್ಲೇ ನಿಂತಿದ್ದರು. ಲ್ಯಾಪ್‌ಟಾಪು ಅವರ ನೆರಳಿನಲ್ಲಿತ್ತು.