ಅಣ್ಣನಿಗೆ ಬಿಟ್ಟ ಜಾಗ

ಯಲಬುರ್ಗಾ ಬಸ್ ನಿಲ್ದಾಣದಿಂದ ಮೊದಲ ಬಸ್ಸು ಹೊರಡುವ ಹೊತ್ತಿಗೆ ಅಮರಪ್ಪ ತಮ್ಮ ಮದುವೆ ವಿಡಿಯೊ ಜೋಡಿಸುವ ಅಂಗಡಿಯ ಷಟರ್ ಎತ್ತಿ, ಕಂಪ್ಯೂಟರಿಗೆ ಕೈಮುಗಿದು ಕೂರುತ್ತಾರೆ. ಪರದೆಯ ಮೇಲೆ ಹಿಟ್ನಾಳದ ಮದುವೆ. ವಧು-ವರರ ಮೇಲೆ ಅಕ್ಕಿಕಾಳು ಬೀಳುವಾಗ ತೀರಿಹೋದ ಅಜ್ಜಿಯ ಮುಖ ಮೆಲ್ಲಗೆ ಮೂಡಬೇಕು, ಮೆಲ್ಲಗೆ ಕರಗಬೇಕು. ಅಮರಪ್ಪ ಮೌಸ್ ಹಿಡಿದು, ಚಿತ್ರ ಎಷ್ಟು ಗಾಢವಾಗಿರಬೇಕೆಂದು ಹೇಳುವ ಗೆರೆಯನ್ನು ನೂರರಿಂದ ಕೆಳಗೆಳೆಯುತ್ತಾರೆ. ಅಜ್ಜಿ ತೆಳುವಾಗುತ್ತಾಳೆ, ಹಿಂದಿನ ಹಂದರ ಅವಳೊಳಗಿಂದ ಕಾಣುತ್ತದೆ.

"ಪೂರಾ ಇಟ್ರ ಗ್ವಾಡಿಗೆ ಹಚ್ಚಿದ ಫೋಟೋ ಆಕೈತ್ರಿ. ಭಾಳ ಇಳಿಸಿದ್ರ ಕಾಣಂಗಿಲ್ಲ. ನಲವತ್ತಕ್ಕ ಇಟ್ರ ಬಂದು ಹರಸಿ ಹೋದಂಗ ಕಾಣ್ತಾರ," ಎಂದು ಪಕ್ಕದಲ್ಲಿ ಕೂತ ನನಗೆ ವಿವರಿಸುತ್ತಾರೆ.

ಈ ಕಡೆ ಮದುವೆಯ ವಿಡಿಯೊ ಅಂದರೆ ಹೋದವರೂ ಬರಬೇಕು. ವಿಡಿಯೊ ತೆಗೆದವರ ಹೆಸರು ಶುರುವಿನಲ್ಲೇ ಬಂಗಾರದ ಅಕ್ಷರಗಳಲ್ಲಿ ಮಿಂಚುತ್ತದೆ. ಕೂತು ಜೋಡಿಸಿದವರ ಹೆಸರು ಎಲ್ಲಿಯೂ ಇಲ್ಲ. ಅಮರಪ್ಪನವರ ಹದಿನೆಂಟು ವರ್ಷ ಹೀಗೇ ಕಳೆದಿವೆ. ಈಗ ಕಣ್ಣು ಉರಿಯುತ್ತದೆ, ಕುತ್ತಿಗೆ ಸರಿಯಾಗಿ ತಿರುಗುವುದಿಲ್ಲ.

ಒಮ್ಮೆ ಎಡವಟ್ಟಾಗಿತ್ತು. ಇಟಗಿಯವರೊಬ್ಬರು ಕಳಿಸಿದ ಫೋಟೊಗಳಲ್ಲಿ, ಹಾಸಿಗೆ ಹಿಡಿದು ಮದುವೆಗೆ ಬರಲಾಗದ ಅಜ್ಜನದೂ ಇತ್ತು. ಅಮರಪ್ಪ ಆ ಅಜ್ಜನನ್ನೂ ತೀರಿಹೋದವರಂತೆ ಮಸುಕು ಮಾಡಿ ಕೊಟ್ಟುಬಿಟ್ಟರು. "ನನ್ನ ಈಗ ಕಳಿಸಿಬಿಟ್ರೇನಲೇ?" ಎಂದು ಅಜ್ಜ ಟಿವಿ ಮುಂದೆ ಅತ್ತರಂತೆ. ಅಂದಿನಿಂದ ಯಾರೇ ಫೋಟೊ ತಂದರೂ ಅಮರಪ್ಪ ಮೊದಲು ಕೇಳುತ್ತಾರೆ: "ಅದಾರೋ, ಹೋಗ್ಯಾರೋ?"

ದೀಪದ ಬುಡದಲ್ಲೇ ಕತ್ತಲೆ. ಹೋದ ಬೇಸಿಗೆಯಲ್ಲಾದ ಅವರ ಮಗಳು ಅಮೃತಾಳ ಮದುವೆಯ ವಿಡಿಯೊ ಇನ್ನೂ ಮುಗಿದಿಲ್ಲ. ನಾಲ್ಕು ವರ್ಷದ ಹಿಂದೆ ಗಂಗಾವತಿಗೆ ಹೋಗಿ ಬರುತ್ತೇನೆಂದು ಬಸ್ಸು ಹತ್ತಿದ ಮಗ ಗುರುಬಸವ ಮರಳಿ ಬಂದಿಲ್ಲ. ಠಾಣೆಗೆ ಅಲೆದದ್ದಾಯಿತು, ಹರಕೆ ಹೊತ್ತದ್ದಾಯಿತು, ಸುದ್ದಿಯಿಲ್ಲ. "ಅಪ್ಪಾ, ಅಕ್ಕಿಕಾಳ ಹೊತ್ತಿನ್ಯಾಗ ಅಣ್ಣ ಇರಬೇಕ ನೋಡು" ಎಂದು ಮಗಳದು ಒಂದೇ ಹಟ. ಹೆಂಡತಿ ವಿರೂಪಾಕ್ಷಮ್ಮ ಮಗನ ಫೋಟೊ ಮುಟ್ಟಗೊಡುವುದಿಲ್ಲ.

"ನನ್ನ ಮಗನ್ನ ಮಸುಕು ಮಾಡಬ್ಯಾಡ್ರಿ. ಅಂವ ಅದಾನ," ಎನ್ನುತ್ತಾರೆ ಆಕೆ.

ನಿಮಗೇನು ಅನ್ನಿಸುತ್ತದೆ ಎಂದು ಅಮರಪ್ಪನವರನ್ನು ಕೇಳುತ್ತೇನೆ. ಅವರು ಮಗಳ ಮದುವೆಯ ವಿಡಿಯೊ ತೆರೆದು ತೋರಿಸುತ್ತಾರೆ. ಗಿಜಿಗುಡುವ ಹಂದರದಲ್ಲಿ ಅಮೃತಾಳ ಬಲಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿಯಿದೆ.

"ಅವತ್ತ ನಾನ ಎಲ್ಲಾರನ್ನೂ ಅತ್ತಾಗ ಸರಿಸಿ ನಿಂದರಿಸಿದ್ನಿರಿ," ಎನ್ನುತ್ತಾ ಪರದೆಯ ಆ ಜಾಗವನ್ನು ಬೆರಳಿನಿಂದ ಒರೆಸುತ್ತಾರೆ. "ಅಂವ ಬರಲಿ. ಇಲ್ಲೇ ಅಂಗಡ್ಯಾಗ ನಿಂದರಿಸಿ ಶೂಟ್ ಮಾಡಿ, ಅಲ್ಲಿ ಕೂಡಿಸ್ತೀನಿ. ನಲವತ್ತಕ್ಕಲ್ರಿ, ನೂರಕ್ಕ ನೂರು ಇಡ್ತೀನಿ."